ಬಾಳಿನ ಹೊಸ್ತಿಲುಗಳು

ಮಕ್ಕಳೇ,

ನೀವು ಈ ಪಾಠವನ್ನು ಓದುವ ಮೊದಲು ನಿಮಗೆ ಒಂದು ಘಟನೆಯನ್ನು ಹೇಳುತ್ತೇನೆ. ಇದು ಹಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿಯೇ ನಡೆದದ್ದು.

ಅಂದು ಸೋಮವಾರ. ಹತ್ತು ದಿನಗಳಿಗಿಂತ ಹೆಚ್ಚು ಕಾಲ ಶಾಲೆಗೆ ಬಾರದಿದ್ದ ಹುಡುಗನೊಬ್ಬ ಐದನೆಯ ತರಗತಿಯ ಬಾಗಿಲಲ್ಲಿ ಬಂದು ನಿಂತನು. ಅವನ ತಲೆ ನುಣ್ಣಗೆ ಬೋಳಾಗಿತ್ತು. ಅವನನ್ನು ನೋಡಿದೊಡನೆ ಹಿಂದಿನ ಸಾಲಿನ ಹುಡುಗರು ಕಿಸಕ್ಕನೆ ನಕ್ಕರು. ನಾನೂ ಯೋಚಿಸದೆ, “ಏನಪ್ಪಾ, ತಿರುಪತಿಗೆ ಹೋಗಿದ್ದೆಯಾ? ಲಾಡು ಎಲ್ಲಿ?” ಎಂದು ಕೇಳಿಬಿಟ್ಟೆ. ಹುಡುಗ ತಲೆ ತಗ್ಗಿಸಿದನು. ಅವನ ಕಣ್ಣಿನಿಂದ ನೀರು ಉದುರಿತು.

ಆಗ ಮುಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ ಎದ್ದು ನಿಂತಳು. ಅವಳು ಆ ಹುಡುಗನ ನೆರೆಮನೆಯವಳು, ಮುಸ್ಲಿಂ ಕುಟುಂಬದವಳು. “ಸಾರ್, ಅವನ ತಾತ ತೀರಿಕೊಂಡರು. ಅವನ ಅಪ್ಪ ಅಮ್ಮ ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು ಗುಳೆ ಹೋಗಿದ್ದರು. ಅವರು ಬರುವುದು ತಡವಾಯಿತು. ಅದಕ್ಕೆ ಇವನೇ ಬೆಂಕಿ ಇಟ್ಟನು. ಮೂರು ದಿನ ಅವರ ಮನೆಯಲ್ಲಿ ಒಲೆ ಹಚ್ಚಲಿಲ್ಲ. ನಮ್ಮ ಮನೆಯಿಂದಲೇ ಊಟ ಹೋಯಿತು” ಎಂದಳು.

ತರಗತಿ ಸ್ತಬ್ಧವಾಯಿತು. ನನಗೆ ನಾಚಿಕೆಯಾಯಿತು. ಬೋಳುತಲೆ ಎಂದರೆ ನನಗೆ ಒಂದೇ ಅರ್ಥ ಗೊತ್ತಿತ್ತು. ಆ ಹುಡುಗಿಗೆ ಇನ್ನೊಂದು ಅರ್ಥವೂ ಗೊತ್ತಿತ್ತು. ಅಂದಿನಿಂದ ನಾನು ನಮ್ಮ ಊರಿನ ಎಲ್ಲ ಮನೆಗಳ ಆಚರಣೆಗಳನ್ನು ಕೇಳಿ ತಿಳಿಯತೊಡಗಿದೆ. ಹಾಗೆ ತಿಳಿದದ್ದನ್ನೇ ಈ ಪಾಠದಲ್ಲಿ ನಿಮಗೆ ಹೇಳುತ್ತಿದ್ದೇನೆ.

ಹೊಸ್ತಿಲು ಎಂದರೇನು?

ನಿಮ್ಮ ಮನೆಯ ಬಾಗಿಲಿಗೆ ಹೊಸ್ತಿಲು ಇದೆಯಲ್ಲವೇ? ಅದರ ಈಚೆ ಬೀದಿ, ಆಚೆ ಮನೆ. ಹೊಸ್ತಿಲನ್ನು ದಾಟಿದರೆ ನಾವು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋಗುತ್ತೇವೆ. ಮನುಷ್ಯನ ಬಾಳಿನಲ್ಲಿಯೂ ಇಂತಹ ಹೊಸ್ತಿಲುಗಳಿವೆ. ಹುಟ್ಟುವುದು, ಹೆಸರು ಪಡೆಯುವುದು, ಓದಲು ಕಲಿಯುವುದು, ದೊಡ್ಡವರಾಗುವುದು, ಮದುವೆಯಾಗುವುದು, ಸಾಯುವುದು ಇವೇ ಆ ಹೊಸ್ತಿಲುಗಳು. ಇವುಗಳನ್ನು ದಾಟುವಾಗ ಮನೆಯವರು, ನೆಂಟರು, ಊರವರು ಸೇರಿ ಮಾಡುವ ಆಚರಣೆಗಳಿಗೆ ಸಂಸ್ಕಾರಗಳು ಎಂದು ಹೆಸರು.

ವಾನ್ ಜೆನೆಪ್ ಎಂಬ ವಿದ್ವಾಂಸರು 1909ರಲ್ಲಿ ಫ್ರೆಂಚ್ ಭಾಷೆಯಲ್ಲಿ ಈ ವಿಷಯವಾಗಿ ಒಂದು ಪುಸ್ತಕವನ್ನು ಬರೆದರು. ಅವರು ಅನೇಕ ದೇಶಗಳ ಆಚರಣೆಗಳನ್ನು ಹೋಲಿಸಿ ನೋಡಿದರು. ಬಹುತೇಕ ಎಲ್ಲದರಲ್ಲಿಯೂ ಅವರಿಗೆ ಮೂರು ಹಂತಗಳು ಕಂಡವು. ಮೊದಲು ವ್ಯಕ್ತಿಯು ಹಳೆಯ ಸ್ಥಿತಿಯನ್ನು ಬಿಡುತ್ತಾನೆ. ಅನಂತರ ಸ್ವಲ್ಪ ಕಾಲ ಹೊಸ್ತಿಲ ಮೇಲೆ ನಿಂತಂತೆ ಅಲ್ಲಿಯೂ ಇಲ್ಲದೆ ಇಲ್ಲಿಯೂ ಇಲ್ಲದೆ ಇರುತ್ತಾನೆ. ಕೊನೆಗೆ ಹೊಸ ಸ್ಥಿತಿಯಲ್ಲಿ ಎಲ್ಲರೊಡನೆ ಸೇರುತ್ತಾನೆ. ಮದುಮಗಳು ತವರನ್ನು ಬಿಡುವುದು, ಅರಿಶಿನ ಹಚ್ಚಿಕೊಂಡು ಹಸೆಯ ಮೇಲೆ ಕೂರುವುದು, ಹೊಸ ಮನೆಯ ಹೊಸ್ತಿಲಲ್ಲಿ ಅಕ್ಕಿಯ ಸೇರನ್ನು ಬಲಗಾಲಿನಿಂದ ಉರುಳಿಸಿ ಒಳಗೆ ಬರುವುದು ಇವು ಆ ಮೂರು ಹಂತಗಳೇ.

ನಮ್ಮ ಪ್ರದೇಶ

ಆದೋನಿ, ಆಲೂರು, ಹೊಳಗುಂದ, ಕೌತಾಳಂ, ಕೋಸಿಗಿ, ಮಂತ್ರಾಲಯಂ ಇವು ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದ ಊರುಗಳು. ಹಿಂದೆ ಆದೋನಿ ಮತ್ತು ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿದ್ದವು. 1953ನೆಯ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಅವು ಅದರಲ್ಲಿ ಸೇರಿದವು. ಆದ್ದರಿಂದ ಇಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಭಾಷೆಗಳು ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ಆದೋನಿಯು ಹತ್ತಿಯ ವ್ಯಾಪಾರಕ್ಕೆ ಹೆಸರಾದ ಪಟ್ಟಣ. ಇಲ್ಲಿ ಹಿಂದೂಗಳು, ಮುಸ್ಲಿಮರು, ಲಿಂಗಾಯತರು, ಕ್ರೈಸ್ತರು, ಜೈನರು ಬಾಳುತ್ತಿದ್ದಾರೆ.

ಆದೋನಿಯ ದೊಡ್ಡ ಜಾಮಿಯಾ ಮಸೀದಿಯನ್ನು ಕಟ್ಟಿಸಿದವನು ಸಿದ್ದಿ ಮಸೂದ್ ಖಾನ್. ಅವನು ಹದಿನೇಳನೆಯ ಶತಮಾನದಲ್ಲಿ ಆದೋನಿಯನ್ನು ಆಳುತ್ತಿದ್ದನು. ತುಂಗಭದ್ರೆಯ ದಡದ ಮಂಚಾಲೆ ಎಂಬ ಹಳ್ಳಿಯನ್ನು ರಾಘವೇಂದ್ರ ಸ್ವಾಮಿಗಳಿಗೆ ಕೊಟ್ಟವನೂ ಅವನೇ ಎಂದು ಜನರು ಇಂದಿಗೂ ಹೇಳುತ್ತಾರೆ. ಆ ಮಂಚಾಲೆಯೇ ಇಂದಿನ ಮಂತ್ರಾಲಯಂ. ಆದೋನಿಯ ಹತ್ತಿರದ ಪೆದ್ದತುಂಬಳಂ ಗ್ರಾಮದಲ್ಲಿ ಜೈನರ ಪಾರ್ಶ್ವನಾಥ ಮಂದಿರವಿದೆ. ಇಂತಹ ಊರುಗಳಲ್ಲಿ ಹುಟ್ಟಿದ ನಾವು ಒಬ್ಬರ ಮನೆಯ ಆಚರಣೆಯನ್ನು ಇನ್ನೊಬ್ಬರು ತಿಳಿಯದಿದ್ದರೆ ಹೇಗೆ?

ಹೆಸರಿಡುವ ದಿನ

ಹಿಂದೂಗಳ ಮನೆಯಲ್ಲಿ ಮಗು ಹುಟ್ಟಿದರೆ ಹನ್ನೊಂದು, ಹನ್ನೆರಡು ಅಥವಾ ಹದಿಮೂರನೆಯ ದಿನ ನಾಮಕರಣ ಮಾಡುವುದುಂಟು. ಕೆಲವರು ಇನ್ನೂ ತಡವಾಗಿ ಮಾಡುತ್ತಾರೆ. ತೊಟ್ಟಿಲನ್ನು ಹೂವಿನಿಂದ ಅಲಂಕರಿಸುತ್ತಾರೆ. ಅನೇಕ ಮನೆಗಳಲ್ಲಿ ಮಗುವಿನ ಸೋದರತ್ತೆಯು ಬಗ್ಗಿ ಅದರ ಕಿವಿಯಲ್ಲಿ ಮೆಲ್ಲನೆ ಹೆಸರನ್ನು ಹೇಳುತ್ತಾಳೆ. ಆಗ ಉಳಿದ ಹೆಂಗಸರು ನಗುತ್ತಾ ಅವಳ ಬೆನ್ನಿಗೆ ಮೆಲ್ಲಗೆ ಗುದ್ದುವುದೂ ಉಂಟು. ತೆಲುಗಿನಲ್ಲಿ ಈ ಸಮಾರಂಭವನ್ನು ‘ಬಾರಸಾಲ’ ಎನ್ನುತ್ತಾರೆ.

ಮುಸ್ಲಿಮರ ಮನೆಯಲ್ಲಿ ಮಗು ಹುಟ್ಟಿದೊಡನೆ ತಂದೆಯಾಗಲಿ ಹಿರಿಯರಾಗಲಿ ಅದರ ಬಲಗಿವಿಯಲ್ಲಿ ಅಜಾನ್ ಹೇಳುತ್ತಾರೆ. ಮಸೀದಿಯಿಂದ ನೀವು ದಿನವೂ ಕೇಳುವ ಕರೆಯೇ ಅದು. ಆದರೆ ಇಲ್ಲಿ ಮಗುವಿಗೆ ಮಾತ್ರ ಕೇಳುವಷ್ಟು ಮೆಲ್ಲನೆ ಹೇಳುತ್ತಾರೆ. ಏಳನೆಯ ದಿನ ಹೆಸರಿಡುವುದು ವಾಡಿಕೆ.

ಲಿಂಗಾಯತರ ಮನೆಯಲ್ಲಿ ಮಗುವಿಗೆ ಲಿಂಗಧಾರಣೆ ಮಾಡುತ್ತಾರೆ. ಗಂಡುಮಗುವಿಗೂ ಹೆಣ್ಣುಮಗುವಿಗೂ ಇದು ಒಂದೇ. ದೊಡ್ಡವರಾದ ಮೇಲೆ ದೀಕ್ಷೆ ಪಡೆಯುವಾಗ ಗುರುವು ಕಿವಿಯಲ್ಲಿ ಮಂತ್ರವನ್ನು ಹೇಳಿ ಅಂಗೈಯಲ್ಲಿ ಇಷ್ಟಲಿಂಗವನ್ನು ಇಡುತ್ತಾರೆ.

ಕ್ರೈಸ್ತರ ಅನೇಕ ಸಭೆಗಳಲ್ಲಿ ಮಗುವನ್ನು ಚರ್ಚಿಗೆ ಒಯ್ದು ಅದರ ತಲೆಯ ಮೇಲೆ ನೀರನ್ನು ಹಾಕಿ ಹೆಸರು ಹೇಳಿ ಪ್ರಾರ್ಥಿಸುತ್ತಾರೆ. ಇದಕ್ಕೆ ದೀಕ್ಷಾಸ್ನಾನ ಎನ್ನುತ್ತಾರೆ. ಬ್ಯಾಪ್ಟಿಸ್ಟ್ ಸಭೆಯವರು ಮಕ್ಕಳಿಗೆ ದೀಕ್ಷಾಸ್ನಾನ ಕೊಡುವುದಿಲ್ಲ. ಬುದ್ಧಿ ಬಂದ ಮೇಲೆ ತಾನಾಗಿ ಒಪ್ಪಿದವರನ್ನು ಮಾತ್ರ ನೀರಿನಲ್ಲಿ ಮುಳುಗಿಸಿ ದೀಕ್ಷೆ ಕೊಡುತ್ತಾರೆ. ಸಿಖ್ಖರು ಗುರು ಗ್ರಂಥ ಸಾಹಿಬ್ ಎಂಬ ತಮ್ಮ ಪವಿತ್ರ ಗ್ರಂಥವನ್ನು ತೆರೆಯುತ್ತಾರೆ. ಆ ಪುಟದಲ್ಲಿ ಸಿಕ್ಕ ಸ್ತೋತ್ರದ ಮೊದಲ ಅಕ್ಷರದಿಂದ ಮಗುವಿನ ಹೆಸರನ್ನು ಆರಿಸುತ್ತಾರೆ.

ಗಮನಿಸಿದಿರಾ? ಮಾತು ಬಾರದ ಮಗುವಿನ ಕಿವಿಯಲ್ಲಿ ಹಿರಿಯರು ತಮಗೆ ಅತ್ಯಂತ ಪ್ರಿಯವಾದ ಮಾತನ್ನು ಹೇಳುತ್ತಾರೆ. ಒಂದು ಮನೆಯಲ್ಲಿ ಅದು ಹೆಸರು, ಇನ್ನೊಂದು ಮನೆಯಲ್ಲಿ ದೇವರ ಕರೆ. ಮಾತು ಬೇರೆ, ಆದರೆ ಬಗ್ಗಿದ ಬೆನ್ನು ಒಂದೇ.

ಮೊದಲ ಕೂದಲು

ಈಗ ಬೋಳುತಲೆಯ ವಿಷಯಕ್ಕೆ ಬರೋಣ. ಮಗು ಹುಟ್ಟುವಾಗ ತಂದ ಕೂದಲನ್ನು ತೆಗೆಸುವುದಕ್ಕೆ ಕನ್ನಡದಲ್ಲಿ ಜಾವಳ ಎನ್ನುತ್ತಾರೆ. ತೆಲುಗಿನವರು ‘ಪುಟ್ಟು ವೆಂಟ್ರುಕಲು’ ಎನ್ನುತ್ತಾರೆ. ಮೊದಲನೆಯ ವರ್ಷದಲ್ಲಿ ಅಥವಾ ಮೂರನೆಯ ವರ್ಷದಲ್ಲಿ ಮನೆದೇವರ ಮುಂದೆ ಇದನ್ನು ಮಾಡಿಸುತ್ತಾರೆ. ಸೋದರಮಾವನು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾನೆ. ಉರುಕುಂದ ಈರಣ್ಣಸ್ವಾಮಿಯ ಗುಡಿಗೆ ಶ್ರಾವಣ ಮಾಸದಲ್ಲಿ ಹೋದರೆ ಮುಡಿ ಕೊಡುವವರನ್ನು ನೀವು ಕಾಣಬಹುದು.

ಮುಸ್ಲಿಮರು ಮಗುವಿನ ಏಳನೆಯ ದಿನ ಅಖೀಖಾ ಎಂಬ ಆಚರಣೆಯನ್ನು ಮಾಡುತ್ತಾರೆ. ಅಂದು ಮಗುವಿನ ಹುಟ್ಟುಗೂದಲನ್ನು ತೆಗೆಯುತ್ತಾರೆ. ಆ ಕೂದಲನ್ನು ತೂಗಿ ಅಷ್ಟೇ ತೂಕದ ಬೆಳ್ಳಿಯ ಬೆಲೆಯನ್ನು ಬಡವರಿಗೆ ಕೊಡುತ್ತಾರೆ. ಕುರಿ ಅಥವಾ ಮೇಕೆಯ ಮಾಂಸವನ್ನು ನೆಂಟರಿಗೂ ಬಡವರಿಗೂ ಹಂಚುತ್ತಾರೆ. ಎಳೆಯ ಮಗುವಿನ ಕೂದಲಿನ ತೂಕ ಎಷ್ಟಿರುತ್ತದೆ? ತುಂಬಾ ಕಡಿಮೆ. ಆದರೂ ಮಗು ಬಂದ ಸಂತೋಷದಲ್ಲಿ ಬಡವರಿಗೂ ಪಾಲಿದೆ ಎಂಬುದು ಅದರ ಅರ್ಥ.

ಕೂದಲನ್ನು ತೆಗೆಯುವ ಪದ್ಧತಿಯು ಇನ್ನೂ ಅನೇಕ ಕಡೆ ಇದೆ. ಜೈನರಲ್ಲಿ ಸನ್ಯಾಸ ಸ್ವೀಕರಿಸಿದವರು ತಮ್ಮ ಕೂದಲನ್ನು ಕೈಯಿಂದಲೇ ಕಿತ್ತುಕೊಳ್ಳುತ್ತಾರೆ. ಇದಕ್ಕೆ ಕೇಶಲೋಚ ಎಂದು ಹೆಸರು. ಮ್ಯಾನ್ಮಾರ್ ದೇಶದ ಬೌದ್ಧ ಬಾಲಕರು ಸ್ವಲ್ಪ ಕಾಲ ವಿಹಾರದಲ್ಲಿ ಇರಲು ಹೋಗುವಾಗ ತಲೆ ಬೋಳಿಸಿಕೊಂಡು ಕಾವಿ ಧರಿಸುತ್ತಾರೆ. ಹಜ್ ಯಾತ್ರೆಯ ಕೊನೆಯಲ್ಲಿ ಗಂಡಸರು ತಲೆ ಬೋಳಿಸಿಕೊಳ್ಳುತ್ತಾರೆ ಅಥವಾ ಕೂದಲನ್ನು ಕತ್ತರಿಸಿಕೊಳ್ಳುತ್ತಾರೆ. ತಿರುಪತಿಯಲ್ಲಿ ಹರಕೆ ಹೊತ್ತವರು ಮುಡಿ ಕೊಡುತ್ತಾರೆ. ಹಿಂದೂಗಳ ಮನೆಯಲ್ಲಿ ಹಿರಿಯರು ತೀರಿಕೊಂಡಾಗ ಕರ್ಮ ಮಾಡುವವರು ದುಃಖದಿಂದ ಕೂದಲನ್ನು ತೆಗೆಸುತ್ತಾರೆ. ಇದಕ್ಕೆ ವಿರುದ್ಧವಾಗಿ, ದೀಕ್ಷೆ ಪಡೆದ ಸಿಖ್ಖರು ಕೂದಲನ್ನು ಎಂದೂ ಕತ್ತರಿಸುವುದೇ ಇಲ್ಲ.

ಹೀಗೆ ಒಂದೇ ಗುರುತಿಗೆ ಹಲವು ಅರ್ಥಗಳಿವೆ. ಬೋಳುತಲೆಯು ಸಂತೋಷವನ್ನು ಹೇಳಬಹುದು, ಭಕ್ತಿಯನ್ನು ಹೇಳಬಹುದು, ದುಃಖವನ್ನೂ ಹೇಳಬಹುದು. ಯಾವುದು ಎಂಬುದು ಕೇಳಿದರೆ ಮಾತ್ರ ತಿಳಿಯುತ್ತದೆ.

ಮೊದಲ ಅಕ್ಷರ

ಹಿಂದೂಗಳು ವಿಜಯದಶಮಿ, ವಸಂತ ಪಂಚಮಿ ಮುಂತಾದ ದಿನಗಳಲ್ಲಿ ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸುತ್ತಾರೆ. ತಟ್ಟೆಯಲ್ಲಿ ಅಕ್ಕಿಯನ್ನು ಹರಡಿ ಮಗುವಿನ ಬೆರಳನ್ನು ಹಿಡಿದು ಬರೆಯಿಸುತ್ತಾರೆ. ತೆಲುಗಿನಲ್ಲಿ ವರ್ಣಮಾಲೆಗೆ ‘ಓನಮಾಲು’ ಎಂಬ ಹೆಸರಿದೆ. ಮೊದಲು ಬರೆಯಿಸುತ್ತಿದ್ದ ‘ಓಂ ನಮಃ ಶಿವಾಯ’ ಎಂಬ ಮಾತಿನಿಂದ ಆ ಹೆಸರು ಬಂದಿದೆ.

ಮುಸ್ಲಿಮರಲ್ಲಿ ಮಗುವಿಗೆ ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನ ತುಂಬಿದಾಗ ‘ಬಿಸ್ಮಿಲ್ಲಾ’ ಮಾಡುವ ಸಂಪ್ರದಾಯವಿದೆ. ಹೊಸ ಬಟ್ಟೆ ತೊಟ್ಟ ಮಗುವಿಗೆ ಹಿರಿಯರು ಕುರಾನಿನ ಮೊದಲ ಪಾಠವನ್ನು ಹೇಳಿಕೊಡುತ್ತಾರೆ. ಸಿಹಿಯನ್ನು ಹಂಚುತ್ತಾರೆ.

ಎರಡೂ ಮನೆಗಳಲ್ಲಿ ತಾಯಿಯ ಕಣ್ಣು ತುಂಬಿ ಬರುವುದು ಒಂದೇ ಕಾರಣಕ್ಕೆ: ನನ್ನ ಮಗು ಓದಬೇಕು. ನಮ್ಮ ಭಾಗದಲ್ಲಿ ಮಳೆ ಕಡಿಮೆ. ಬೆಳೆ ಬಾರದ ವರ್ಷ ಅನೇಕ ಕುಟುಂಬಗಳು ಗುಳೆ ಹೋಗುತ್ತವೆ. ಆಗ ಮಕ್ಕಳೂ ಜೊತೆಗೆ ಹೋದರೆ ತಟ್ಟೆಯ ಅಕ್ಕಿಯಲ್ಲಿ ಬರೆದ ಅಕ್ಷರ ಅಳಿಸಿಹೋಗುತ್ತದೆ. ಅಕ್ಷರಾಭ್ಯಾಸವೂ ಬಿಸ್ಮಿಲ್ಲಾವೂ ಒಂದು ದಿನದ ಹಬ್ಬ. ಅದು ನಿಜವಾಗಬೇಕಾದರೆ ಮಗು ದಿನವೂ ಶಾಲೆಗೆ ಬರಬೇಕು.

ದೊಡ್ಡವರಾಗುವುದು

ಕೆಲವು ಹಿಂದೂ ಸಮುದಾಯಗಳಲ್ಲಿ ಬಾಲಕರಿಗೆ ಉಪನಯನ ಮಾಡುತ್ತಾರೆ. ಎಂಟನೆಯ ವರ್ಷ ಅದಕ್ಕೆ ತಕ್ಕ ವಯಸ್ಸೆಂದು ಹಿಂದಿನವರು ಹೇಳುತ್ತಿದ್ದರು. ವಟುವು ಜನಿವಾರವನ್ನು ಧರಿಸಿ ಗಾಯತ್ರಿ ಮಂತ್ರವನ್ನು ಕಲಿಯುತ್ತಾನೆ. ಮೊದಲ ಭಿಕ್ಷೆಯನ್ನು ತನ್ನ ತಾಯಿಯಿಂದಲೇ ಪಡೆಯುತ್ತಾನೆ. ಮುಸ್ಲಿಮರು ಗಂಡುಮಕ್ಕಳಿಗೆ ಸುನ್ನತಿ ಮಾಡಿಸುತ್ತಾರೆ. ಇಂದು ಹೆಚ್ಚಾಗಿ ಇದನ್ನು ವೈದ್ಯರೇ ಮಾಡುತ್ತಾರೆ. ನಮ್ಮ ಹಳ್ಳಿಗಳಲ್ಲಿ ಉಪನಯನಕ್ಕೂ ಸುನ್ನತಿಗೂ ‘ಮುಂಜಿ’ ಎಂಬ ಒಂದೇ ಮಾತನ್ನು ಬಳಸುವುದುಂಟು. ಎರಡೂ ಬಾಲಕನು ದಾಟುವ ಒಂದು ಹೊಸ್ತಿಲು ಎಂದು ಹಳ್ಳಿಯ ಜನರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿದ್ದರು. ಅವರು ಬಾಲಕರಾಗಿದ್ದಾಗ ಉಪನಯನವನ್ನು ಒಲ್ಲೆನೆಂದರು ಎಂಬ ಕಥೆಯನ್ನು ನೀವು ಕೇಳಿರಬಹುದು. ಅಕ್ಕನಿಗೆ ಇಲ್ಲದ ಸಂಸ್ಕಾರ ನನಗೇಕೆ ಎಂಬುದು ಅವರ ಪ್ರಶ್ನೆಯಾಗಿತ್ತೆಂದು ಹೇಳುತ್ತಾರೆ.

ಕ್ರೈಸ್ತರಲ್ಲಿ ಮಗುವಾಗಿದ್ದಾಗ ದೀಕ್ಷಾಸ್ನಾನ ಪಡೆದವರು ದೊಡ್ಡವರಾದ ಮೇಲೆ ತಮ್ಮ ಬಾಯಿಂದಲೇ ನಂಬಿಕೆಯನ್ನು ಹೇಳುತ್ತಾರೆ. ಇದು ದೃಢೀಕರಣ. ಯೆಹೂದ್ಯರ ಬಾಲಕರು ಹದಿಮೂರನೆಯ ವರ್ಷದಲ್ಲಿ ಸಭೆಯ ಮುಂದೆ ಪವಿತ್ರ ಗ್ರಂಥವನ್ನು ಓದುತ್ತಾರೆ. ಪಾರ್ಸಿಗಳ ಗಂಡುಮಕ್ಕಳೂ ಹೆಣ್ಣುಮಕ್ಕಳೂ ನವಜೋತ್ ಎಂಬ ಸಂಸ್ಕಾರದಲ್ಲಿ ಸೊಂಟಕ್ಕೆ ಪವಿತ್ರ ದಾರವನ್ನು ಕಟ್ಟಿಕೊಳ್ಳುತ್ತಾರೆ. ಜಪಾನಿನಲ್ಲಿ ಮೂರು, ಐದು, ಏಳು ವರ್ಷದ ಮಕ್ಕಳನ್ನು ನವೆಂಬರ್ ತಿಂಗಳಲ್ಲಿ ಅಲಂಕರಿಸಿ ದೇವಾಲಯಕ್ಕೆ ಕರೆದೊಯ್ಯುತ್ತಾರೆ.

ನಮ್ಮ ಕಡೆ ಹುಡುಗಿ ದೊಡ್ಡವಳಾದಾಗ ಅವಳನ್ನು ಹಸೆಯ ಮೇಲೆ ಕೂರಿಸಿ ಆರತಿ ಎತ್ತುತ್ತಾರೆ. ಸೋದರಮಾವ ಸೀರೆ ತರುತ್ತಾನೆ. ಮುತ್ತೈದೆಯರು ಎಳ್ಳುಂಡೆ, ಕೊಬ್ಬರಿ ತರುತ್ತಾರೆ. ಇದು ಪ್ರೀತಿಯ ಆಚರಣೆ. ಆದರೆ ಒಂದು ಮಾತನ್ನು ಮರೆಯಬಾರದು. ಆರತಿ ಆದ ಮೇಲೆ ಹುಡುಗಿಯ ಶಾಲೆಯ ಚೀಲವನ್ನು ಅಟ್ಟಕ್ಕೆ ಏರಿಸಬಾರದು. ಅವಳು ಆರನೆಯ ತರಗತಿಯಲ್ಲಿದ್ದರೆ ಏಳಕ್ಕೆ ಹೋಗಬೇಕು, ಏಳರಲ್ಲಿದ್ದರೆ ಎಂಟಕ್ಕೆ ಹೋಗಬೇಕು.

ಎಲ್ಲ ಹಳೆಯ ಆಚರಣೆಗಳೂ ಒಳ್ಳೆಯವೇ? ಅಲ್ಲ. ಹಿಂದೆ ಈ ಭಾಗದಲ್ಲಿ ಬಡ ಮನೆಯ ಕೆಲವು ಹೆಣ್ಣುಮಕ್ಕಳನ್ನು ‘ಬಸವಿ’ ಎಂದು ದೇವರಿಗೆ ಬಿಡುತ್ತಿದ್ದರು. ಅದರಿಂದ ಅವರ ಬಾಳು ಹಾಳಾಗುತ್ತಿತ್ತು. ಆಂಧ್ರಪ್ರದೇಶ ಸರ್ಕಾರವು 1988ರಲ್ಲಿ ಕಾಯ್ದೆಯನ್ನು ಮಾಡಿ ಇದನ್ನು ನಿಷೇಧಿಸಿತು. ಮಗುವಿಗೆ ನೋವು ಕೊಡುವ ಆಚರಣೆಯನ್ನು ಬಿಟ್ಟರೆ ಧರ್ಮಕ್ಕೆ ಕುಂದು ಬರುವುದಿಲ್ಲ.

ಮದುವೆ

ಮದುವೆಯ ಮನೆಗೆ ಹೋಗಲು ನಿಮಗೆಲ್ಲ ಇಷ್ಟವಲ್ಲವೇ? ಹಿಂದೂಗಳ ಮದುವೆಯಲ್ಲಿ ಹಂದರ ಹಾಕುತ್ತಾರೆ, ಅರಿಶಿನ ಹಚ್ಚುತ್ತಾರೆ. ವಧೂವರರು ಒಬ್ಬರ ತಲೆಯ ಮೇಲೆ ಒಬ್ಬರು ಜೀರಿಗೆ ಬೆಲ್ಲವನ್ನು ಇಡುತ್ತಾರೆ. ತಾಳಿ ಕಟ್ಟುವಾಗ ಎಲ್ಲರೂ ಅಕ್ಷತೆ ಹಾಕುತ್ತಾರೆ. ಅನೇಕರಲ್ಲಿ ಏಳು ಹೆಜ್ಜೆ ಇಡುವ ಸಪ್ತಪದಿಯೂ ಇದೆ.

ಮುಸ್ಲಿಮರ ಮದುವೆ ನಿಖಾ. ಅದು ಒಂದು ಒಪ್ಪಂದ. ಸಾಕ್ಷಿಗಳ ಎದುರಿಗೆ ಹೆಣ್ಣಿನ ಒಪ್ಪಿಗೆಯನ್ನೂ ಗಂಡಿನ ಒಪ್ಪಿಗೆಯನ್ನೂ ಕೇಳುತ್ತಾರೆ. ಗಂಡನು ಹೆಂಡತಿಗೆ ಮಹರ್ ಎಂಬ ಹಣವನ್ನು ಕೊಡಬೇಕು. ಅದು ಅವಳದೇ ಸ್ವತ್ತು. ಕ್ರೈಸ್ತರ ಮದುವೆಯಲ್ಲಿ ವಧೂವರರು ಸುಖದಲ್ಲಿಯೂ ಕಷ್ಟದಲ್ಲಿಯೂ ಜೊತೆಗಿರುವೆವೆಂದು ಸಭೆಯ ಮುಂದೆ ಪ್ರಮಾಣ ಮಾಡಿ ಉಂಗುರ ತೊಡಿಸುತ್ತಾರೆ. ಸಿಖ್ಖರು ತಮ್ಮ ಪವಿತ್ರ ಗ್ರಂಥದ ಸುತ್ತ ನಾಲ್ಕು ಬಾರಿ ಸುತ್ತುತ್ತಾರೆ.

ಒಟ್ಟಿಗೆ ಬಾಳಿದವರು ಒಬ್ಬರಿಂದ ಒಬ್ಬರು ಕಲಿಯುತ್ತಾರೆ. ಹಿಂದೂ ಮದುಮಗಳಿಗೆ ಹಚ್ಚುವ ಅರಿಶಿನವನ್ನು ಮುಸ್ಲಿಂ ಮದುಮಗಳಿಗೂ ಹಚ್ಚುತ್ತಾರೆ. ಅದನ್ನು ಹಲ್ದಿ ಎನ್ನುತ್ತಾರೆ. ದಖ್ಖನಿನ ಅನೇಕ ಮುಸ್ಲಿಂ ಹೆಂಗಸರು ಮದುವೆಯ ಗುರುತಾಗಿ ಕರಿಮಣಿಯ ಲಚ್ಛಾ ಧರಿಸುತ್ತಾರೆ. ಅನೇಕ ಕ್ರೈಸ್ತ ಹೆಂಗಸರ ತಾಳಿಯಲ್ಲಿ ಶಿಲುಬೆ ಇರುತ್ತದೆ.

ಮದುವೆಯ ಹೊಸ್ತಿಲನ್ನು ದಾಟಲು ನಮ್ಮ ದೇಶದ ಕಾನೂನು ವಯಸ್ಸನ್ನು ಗೊತ್ತುಮಾಡಿದೆ. ಹೆಣ್ಣಿಗೆ 18 ವರ್ಷ, ಗಂಡಿಗೆ 21 ವರ್ಷ ತುಂಬಿರಬೇಕು. ಬಾಲ್ಯವಿವಾಹವನ್ನು ತಡೆಯಲು 2006ರಲ್ಲಿ ಕಾಯ್ದೆಯಾಗಿದೆ. ನಿಮಗೆ ಗೊತ್ತಿರುವ ಮಗುವಿಗೆ ಮದುವೆ ಮಾಡಲು ಯಾರಾದರೂ ಹೊರಟರೆ ಶಿಕ್ಷಕರಿಗೆ ಹೇಳಿರಿ. 1098 ಎಂಬ ಸಂಖ್ಯೆಗೆ ಫೋನ್ ಮಾಡಿದರೂ ಸಹಾಯ ಸಿಗುತ್ತದೆ. ಇದಕ್ಕೆ ಹಣ ಕೊಡಬೇಕಾಗಿಲ್ಲ.

ಇನ್ನೊಂದು ಮಾತು. ಸಾಲ ಮಾಡಿ ಆಡಂಬರದ ಸಮಾರಂಭ ಮಾಡಬೇಕೆಂದು ಯಾವ ಧರ್ಮವೂ ಹೇಳುವುದಿಲ್ಲ. ನಾಮಕರಣಕ್ಕೆ ಬೇಕಾದದ್ದು ಒಂದು ಹೆಸರು. ನಿಖಾಕ್ಕೆ ಬೇಕಾದದ್ದು ಒಪ್ಪಿಗೆ, ಸಾಕ್ಷಿ ಮತ್ತು ಮಹರ್. ದೀಕ್ಷಾಸ್ನಾನಕ್ಕೆ ಬೇಕಾದದ್ದು ನೀರು. ಒಂದು ದಿನದ ಊಟಕ್ಕಾಗಿ ಮಾಡಿದ ಸಾಲವನ್ನು ತೀರಿಸಲು ಮಕ್ಕಳು ಹತ್ತಿ ಬಿಡಿಸಲು ಹೋಗುವಂತಾದರೆ ಅದು ಶುಭಕಾರ್ಯವೆನಿಸುವುದೇ?

ಕೊನೆಯ ಬೀಳ್ಕೊಡುಗೆ

ಹುಟ್ಟಿದವರೆಲ್ಲರೂ ಒಂದು ದಿನ ಸಾಯಲೇಬೇಕು. ಇದು ಕೊನೆಯ ಹೊಸ್ತಿಲು. ಹಿಂದೂಗಳಲ್ಲಿ ಅನೇಕರು ದೇಹವನ್ನು ದಹನ ಮಾಡುತ್ತಾರೆ, ಕೆಲವು ಸಮುದಾಯದವರು ಹೂಳುತ್ತಾರೆ. ಜೈನರೂ ಸಿಖ್ಖರೂ ದಹನ ಮಾಡುತ್ತಾರೆ. ಲಿಂಗಾಯತರು ದೇಹವನ್ನು ಕುಳಿತ ಭಂಗಿಯಲ್ಲಿ, ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಸಮಾಧಿ ಮಾಡುತ್ತಾರೆ. ಮುಸ್ಲಿಮರು ದೇಹವನ್ನು ತೊಳೆದು ಹೊಲಿಗೆಯಿಲ್ಲದ ಬಿಳಿಯ ಬಟ್ಟೆಯನ್ನು ಹೊದಿಸುತ್ತಾರೆ. ಬಡವನಿಗೂ ಶ್ರೀಮಂತನಿಗೂ ಒಂದೇ ಬಗೆಯ ಬಟ್ಟೆ. ಜನಾಜಾ ನಮಾಜು ಮಾಡಿ ಮುಖವನ್ನು ಮೆಕ್ಕಾದ ಕಡೆಗೆ ತಿರುಗಿಸಿ ಹೂಳುತ್ತಾರೆ. ಕ್ರೈಸ್ತರು ದೇಹವನ್ನು ಪೆಟ್ಟಿಗೆಯಲ್ಲಿಟ್ಟು ಪ್ರಾರ್ಥನೆ ಮಾಡಿ ಹೂಳುತ್ತಾರೆ. ಕಥೋಲಿಕ ಕ್ರೈಸ್ತರು ಪ್ರತಿ ವರ್ಷ ನವೆಂಬರ್ 2ರಂದು ಸತ್ತವರಿಗಾಗಿ ಪ್ರಾರ್ಥಿಸುತ್ತಾರೆ.

ಹೂಳುವವರೆಲ್ಲರೂ ಮಾಡುವ ಒಂದು ಕೆಲಸವಿದೆ. ಬಂದವರು ಒಬ್ಬೊಬ್ಬರಾಗಿ ಬಗ್ಗಿ ಹಿಡಿ ಮಣ್ಣನ್ನು ಹಾಕುತ್ತಾರೆ. ನೆನಪಿನ ದಿನಗಳಲ್ಲಿಯೂ ಹೋಲಿಕೆಯಿದೆ. ಹಿಂದೂಗಳು ಮೂರನೆಯ ದಿನ ಹಾಲು ಬಿಡುತ್ತಾರೆ. ಮುಸ್ಲಿಮರು ಮೂರನೆಯ ದಿನ ಜಿಯಾರತ್ ಮಾಡುತ್ತಾರೆ.

ಮಹಾತ್ಮರ ಮರಣವನ್ನು ಜನರು ದುಃಖವೆಂದು ಭಾವಿಸುವುದಿಲ್ಲ. ರಾಘವೇಂದ್ರ ಸ್ವಾಮಿಗಳು 1671ರಲ್ಲಿ ಮಂತ್ರಾಲಯದಲ್ಲಿ ಬೃಂದಾವನವನ್ನು ಪ್ರವೇಶಿಸಿದರು. ಆ ದಿನವನ್ನು ಪ್ರತಿ ವರ್ಷ ಆರಾಧನೆ ಎಂದು ಆಚರಿಸುತ್ತಾರೆ. ದರ್ಗಾಗಳಲ್ಲಿ ಸೂಫಿ ಸಂತರು ತೀರಿಕೊಂಡ ದಿನವನ್ನು ಉರುಸು ಎಂದು ಆಚರಿಸುತ್ತಾರೆ. ಅರಬ್ಬಿ ಭಾಷೆಯಲ್ಲಿ ಆ ಮಾತಿಗೆ ಮದುವೆ ಎಂದು ಅರ್ಥ. ಸಂತನು ದೇವರನ್ನು ಸೇರಿದ ದಿನ ಎಂಬುದು ಅದರ ಭಾವ.

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆರೆಯವರು ಊಟ ತರುತ್ತಾರೆ. ಇದು ನಮ್ಮ ಊರುಗಳ ಪದ್ಧತಿ. ದುಃಖದಲ್ಲಿರುವ ಮನೆಗೆ ಅಡಿಗೆ ಕಳಿಸಬೇಕೆಂದು ಪ್ರವಾದಿ ಮುಹಮ್ಮದರೂ ತಮ್ಮವರಿಗೆ ಹೇಳಿದ್ದರು. ನನ್ನ ತರಗತಿಯ ಹುಡುಗಿಯ ಮನೆಯವರು ಮಾಡಿದ್ದು ಅದನ್ನೇ.

ಎಲ್ಲವೂ ಒಂದೇ ಅಲ್ಲ

ಮಕ್ಕಳೇ, ಇಷ್ಟನ್ನು ಓದಿ ಎಲ್ಲ ಧರ್ಮಗಳೂ ಒಂದೇ ಎಂದು ಬರೆದರೆ ಉತ್ತರ ಅರ್ಧ ಮಾತ್ರ ಸರಿ. ಒಬ್ಬರು ಸುಡುತ್ತಾರೆ, ಇನ್ನೊಬ್ಬರು ಹೂಳುತ್ತಾರೆ. ಒಬ್ಬರು ಮಗುವಿಗೇ ದೀಕ್ಷೆ ಕೊಡುತ್ತಾರೆ, ಇನ್ನೊಬ್ಬರು ಬುದ್ಧಿ ಬರಲಿ ಎಂದು ಕಾಯುತ್ತಾರೆ. ಒಬ್ಬರು ಕೂದಲನ್ನು ತೆಗೆಯುತ್ತಾರೆ, ಇನ್ನೊಬ್ಬರು ಅದನ್ನು ಮುಟ್ಟುವುದಿಲ್ಲ. ಈ ಭೇದಗಳು ಅವರವರಿಗೆ ಮುಖ್ಯವಾದವು. ಅವನ್ನು ಅಳಿಸಿಹಾಕುವುದು ಗೌರವವಲ್ಲ. ಭೇದವನ್ನು ತಿಳಿದು, ಅದರ ಕಾರಣವನ್ನು ಕೇಳಿ, ನಗದೆ ಇರುವುದೇ ಗೌರವ.

ನಮಗೆಲ್ಲರಿಗೂ ಒಂದೇ ಆದ ಹೊಸ್ತಿಲುಗಳೂ ಇವೆ. ಮಗು ಹುಟ್ಟಿದ 21 ದಿನಗಳೊಳಗೆ ಜನನವನ್ನು ನೋಂದಾಯಿಸಬೇಕು. 1969ರ ಕಾಯ್ದೆ ಹೀಗೆ ಹೇಳುತ್ತದೆ. ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿಗೂ ಉಚಿತ ಶಿಕ್ಷಣದ ಹಕ್ಕಿದೆ. ಇದು 2009ರ ಕಾಯ್ದೆ. 18 ವರ್ಷ ತುಂಬಿದ ಪ್ರತಿಯೊಬ್ಬ ನಾಗರಿಕನೂ ಮತ ಹಾಕಬಹುದು. 1989ಕ್ಕೆ ಮೊದಲು ಈ ವಯಸ್ಸು 21 ಆಗಿತ್ತು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ನಿಮ್ಮ ಹೆಸರು ಬರೆದ ದಿನ, ಮುಂದೆ ನಿಮ್ಮ ಬೆರಳಿಗೆ ಶಾಯಿ ಹಚ್ಚುವ ದಿನ ಇವು ಇಡೀ ದೇಶವು ಸೇರಿ ನಿಮಗೆ ಮಾಡುವ ಸಂಸ್ಕಾರಗಳು.

ಆ ಸೋಮವಾರ ಏನಾಯಿತು ಎಂದು ಹೇಳಿ ಮುಗಿಸುತ್ತೇನೆ. ನಾನು ಹುಡುಗನ ಬಳಿಗೆ ಹೋಗಿ, “ತಪ್ಪಾಯಿತಪ್ಪಾ, ನಾನು ಕೇಳದೆ ಮಾತಾಡಿದೆ” ಎಂದೆ. ನಕ್ಕಿದ್ದ ಹುಡುಗರಲ್ಲಿ ಒಬ್ಬನು ಎದ್ದು ಬಂದು ಅವನ ಚೀಲವನ್ನು ತೆಗೆದುಕೊಂಡು ತನ್ನ ಪಕ್ಕದಲ್ಲಿ ಇಟ್ಟುಕೊಂಡನು. ಅನಂತರ ಆ ಹುಡುಗ ತನ್ನ ತಾತನ ವಿಷಯವಾಗಿ ತಾನೇ ಹೇಳತೊಡಗಿದನು. ಅವನ ತಾತ ಹಂತಿ ಹೊಡೆಯುವಾಗ ಹಾಡುತ್ತಿದ್ದರಂತೆ. ಅಂದು ಗಣಿತದ ಪಾಠ ನಡೆಯಲಿಲ್ಲ.

ಪದಗಳ ಅರ್ಥ

ಸಂಸ್ಕಾರ – ಬಾಳಿನ ಮುಖ್ಯ ಘಟ್ಟದಲ್ಲಿ ಮಾಡುವ ಆಚರಣೆ
ಗುಳೆ – ಕೆಲಸ ಹುಡುಕಿಕೊಂಡು ಊರು ಬಿಟ್ಟು ಹೋಗುವುದು
ಜಾವಳ – ಮಗುವಿನ ಹುಟ್ಟುಗೂದಲು ತೆಗೆಸುವುದು
ವಟು – ಉಪನಯನವಾಗುವ ಬಾಲಕ
ಮುಡಿ – ತಲೆಗೂದಲು
ಹಸೆ – ಶುಭಕಾರ್ಯದಲ್ಲಿ ಕೂರಿಸುವ ಜಾಗ
ಹಂತಿ – ಕಣದಲ್ಲಿ ಎತ್ತುಗಳನ್ನು ಸುತ್ತಿಸಿ ಕಾಳು ಬಿಡಿಸುವುದು

ಅಭ್ಯಾಸ

ಅ) ಈ ಪ್ರಶ್ನೆಗಳಿಗೆ ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಆದೋನಿಯು ಆಂಧ್ರ ರಾಜ್ಯದಲ್ಲಿ ಸೇರಿದ್ದು ಯಾವಾಗ?
2. ಅಖೀಖಾದಲ್ಲಿ ಕೂದಲನ್ನು ಏಕೆ ತೂಗುತ್ತಾರೆ?
3. ‘ಓನಮಾಲು’ ಎಂಬ ಹೆಸರು ಹೇಗೆ ಬಂದಿತು?
4. ಉರುಸು ಎಂಬ ಮಾತಿನ ಅರ್ಥವೇನು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಬೋಳುತಲೆಗೆ ಯಾವ ಯಾವ ಅರ್ಥಗಳಿವೆ?
2. “ಎಲ್ಲ ಧರ್ಮಗಳೂ ಒಂದೇ ಎಂಬ ಉತ್ತರ ಅರ್ಧ ಮಾತ್ರ ಸರಿ.” ಏಕೆ?
3. ಶಿಕ್ಷಕರು ಹುಡುಗನಲ್ಲಿ ಏಕೆ ತಪ್ಪು ಒಪ್ಪಿಕೊಂಡರು?

ಇ) ಹೊಂದಿಸಿ ಬರೆಯಿರಿ.
1. ನಿಖಾ – ಅ. ಪಾರ್ಸಿಗಳು
2. ದೃಢೀಕರಣ – ಆ. ಜೈನರು
3. ನವಜೋತ್ – ಇ. ಮುಸ್ಲಿಮರು
4. ಕೇಶಲೋಚ – ಈ. ಕ್ರೈಸ್ತರು

ಈ) ಮಾಡಿ ನೋಡಿರಿ.
ನಿಮಗೆ ಹೆಸರಿಟ್ಟವರು ಯಾರು, ಏಕೆ ಆ ಹೆಸರನ್ನು ಇಟ್ಟರು ಎಂಬುದನ್ನು ಮನೆಯಲ್ಲಿ ಕೇಳಿ ಬರೆಯಿರಿ. ಅನಂತರ ನಿಮ್ಮ ಧರ್ಮದವರಲ್ಲದ ಒಬ್ಬ ಗೆಳೆಯನನ್ನೋ ಗೆಳತಿಯನ್ನೋ ಅದೇ ಪ್ರಶ್ನೆ ಕೇಳಿ ಪಕ್ಕದ ಪುಟದಲ್ಲಿ ಬರೆಯಿರಿ. ಎರಡನ್ನೂ ತರಗತಿಯಲ್ಲಿ ಓದಿರಿ.